ಜಾತಕ ಕೂಡಿತ್ತು, ಹವೆ ಕೂಡಿರಲಿಲ್ಲ

ನಮ್ಮ ಮನೆಯ ಬೆಂಕಿಪೊಟ್ಟಣ ಅಕ್ಕಿ ಡಬ್ಬದೊಳಗೆ ಹೂತುಕೊಂಡಿರುತ್ತದೆ. ಹೊಸದಾಗಿ ಬಂದವರು ಯಾರಾದರೂ ಅನ್ನಕ್ಕೆ ಅಕ್ಕಿ ಅಳೆಯಲು ಹೋದರೆ ಪಾವಿನಲ್ಲಿ ಅದು ಸಿಕ್ಕಿ, ನನ್ನ ಮುಖ ನೋಡುತ್ತಾರೆ. ನಾನು ಏನೂ ಆಗದವಳಂತೆ ಅದನ್ನು ಇಸಿದುಕೊಂಡು ಒಲೆ ಹೊತ್ತಿಸುತ್ತೇನೆ. ಹೊಳೆನರಸೀಪುರದ ಹವೆಯಲ್ಲಿ ಬೆಂಕಿಕಡ್ಡಿ ಮೆತ್ತಗಾದದ್ದನ್ನು ನಾನೂ ಕಂಡಿಲ್ಲ, ನನ್ನ ಮೊಮ್ಮಕ್ಕಳೂ ಕಂಡಿಲ್ಲ. ಆದರೆ ನನ್ನ ಕೈ ಹುಟ್ಟಿದ್ದು ಕಡಲ ಕರೆಯಲ್ಲಿ. ಅಲ್ಲಿ ಮಳೆ ಹಿಡಿಯಿತು ಎಂದರೆ ಕಡ್ಡಿ ಗೀರಿದಾಗ ಅದರ ತಲೆ ಬೆಣ್ಣೆಯಂತೆ ಪೊಟ್ಟಣಕ್ಕೆ ಮೆತ್ತಿಕೊಳ್ಳುತ್ತದೆ. ಅಕ್ಕಿಯೊಳಗೆ ಹುಗಿದಿಟ್ಟರೆ ಮಾತ್ರ ಒಣಗಿರುತ್ತದೆ. ಈ ಬುದ್ಧಿ ಅರವತ್ತು ವರ್ಷ ಕಳೆದರೂ ಬಿಡಲಿಲ್ಲ, ಬಿಡಬೇಕೆಂದು ನಾನು ಪ್ರಯತ್ನಿಸಿಯೂ ಇಲ್ಲ.

ಮೊದಲ ಸಲ ಅದನ್ನು ಕಂಡುಹಿಡಿದವರು ನಮ್ಮತ್ತೆ ಕಾಳಮ್ಮ. "ಏನವ್ವ ಇದು, ಅನ್ನದೊಳಗೆ ಬೆಂಕಿ ಮಡಗಿದ್ದೀಯೆ? ಯಾವ್ ಸೀಮೆ ಪದ್ದತಿ?" ಎಂದು ಕೇಳಿದ್ದರು. ಅದು ಯಾವ ಸೀಮೆ ಎಂದು ಅವರಿಗೆ ತಿಳಿಸಿಕೊಡಲು ನನಗೆ ಹಿಡಿದ ಕಾಲದ ಕಥೆಯೇ ಇದು.

ನಾನು ಮದುವೆಯಾಗಿ ಬಂದದ್ದು ಐವತ್ತರ ದಶಕದಲ್ಲಿ. ಕನ್ನಡದ ಸೀಮೆಗಳು ಇನ್ನೂ ಒಂದಾಗಿರಲಿಲ್ಲ. ಮಂಗಳೂರಿನಿಂದ ಬಡಗಲಾಗಿ, ಕಡಲಿಗೆ ಕೂಗಳತೆಯಲ್ಲಿದ್ದ ನನ್ನ ತವರು ಮದರಾಸಿಗೆ ಸೇರಿತ್ತು. ಗಂಡನ ಮನೆ ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ; ಅದು ಮೈಸೂರು ರಾಜ್ಯ. ನಮ್ಮವರು ರಸ್ತೆ ಕೆಲಸದ ಮೇಸ್ತ್ರಿಯಾಗಿ ಘಟ್ಟ ಇಳಿದು ಬಂದವರು ನಮ್ಮ ಮನೆಯ ಪಕ್ಕದಲ್ಲೇ ಬಿಡಾರ ಹೂಡಿದ್ದರು. ನಮ್ಮ ಹಿರಿಯರೂ ಯಾವುದೋ ಕಾಲದಲ್ಲಿ ಘಟ್ಟದ ಮೇಲಿನಿಂದ ಇಳಿದವರೇ ಅಂತೆ. ಕುಲ ಒಂದೇ, ಗೋತ್ರದಂಥ ಬಳಿ ಬೇರೆ ಎಂದು ಗೊತ್ತಾದ ಮೇಲೆ ಮಾತು ಮುಂದುವರಿಯಿತು. ಜಾತಕ ತೋರಿಸಿದರು, ಚೆನ್ನಾಗಿ ಕೂಡಿತು. ಹವೆ ಕೂಡುತ್ತದೆಯೇ ಎಂದು ಮಾತ್ರ ಯಾರೂ ನೋಡಲಿಲ್ಲ. ನೋಡಬೇಕಿತ್ತು.

ನಮ್ಮ ಕಡಲ ಸೀಮೆಯಲ್ಲಿ ವರ್ಷಕ್ಕೆ ಎರಡೇ ಕಾಲ. ಮೈ ಒಳಗಿನಿಂದ ಒದ್ದೆಯಾಗುವುದು ಒಂದು, ಹೊರಗಿನಿಂದ ಒದ್ದೆಯಾಗುವುದು ಇನ್ನೊಂದು. ಸೆಕೆಗಾಲದಲ್ಲಿ ಸ್ನಾನ ಮಾಡಿ ಸೀರೆ ಉಡುವಷ್ಟರಲ್ಲಿ ಮತ್ತೆ ಸ್ನಾನ ಬೇಕಾಗುತ್ತದೆ. ಮಧ್ಯಾಹ್ನ ಕಡಲಿನಿಂದ ಗಾಳಿ ಬರುತ್ತದೆ, ಅದೂ ಉಪ್ಪು ಸವರಿಕೊಂಡೇ ಬರುತ್ತದೆ. ಕೈ ನೆಕ್ಕಿದರೆ ಊಟಕ್ಕೆ ಉಪ್ಪಿನಕಾಯಿ ಬೇಡ. ಇನ್ನು ಚಳಿಗಾಲ ಎಂದರೆ, ಧನುರ್ಮಾಸದಲ್ಲಿ ಬೆಳಗ್ಗೆ ನನ್ನ ಅಜ್ಜ ಹೆಗಲ ಮೇಲಿನ ಬೈರಾಸನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದರು, ಅಷ್ಟೇ. ಬಿಸಿಲೇರಿದರೆ ಅದು ಮತ್ತೆ ಹೆಗಲಿಗೇ ಬರುತ್ತಿತ್ತು.

ಮಳೆಯದು ಹಾಗಲ್ಲ. ಅದು ಬರುವ ಮುಂಚೆ ಕಡಲು ಹೇಳಿ ಕಳಿಸುತ್ತದೆ. ದಿನವೂ ಕೇಳುವ ಮೊರೆತ ಒಂದು ಸಂಜೆ ದಪ್ಪಗಾಗುತ್ತದೆ. ದೋಣಿಗಳನ್ನು ಮೇಲಕ್ಕೆಳೆದು ತೆಂಗಿನ ಮಡಲು ಹೊದಿಸುತ್ತಾರೆ. ಅಷ್ಟರೊಳಗೆ ಮನೆಯಲ್ಲಿ ಸೌದೆ ಅಟ್ಟಕ್ಕೆ ಮುಟ್ಟಿರಬೇಕು, ಹಲಸಿನ ಹಪ್ಪಳ ಡಬ್ಬ ಸೇರಿರಬೇಕು, ಹಲಸಿನ ಸೊಳೆ ಉಪ್ಪು ನೀರಿನಲ್ಲಿ ಮುಳುಗಿರಬೇಕು, ಒಣಮೀನು ಒಲೆಯ ಮೇಲೆ ತೂಗುತ್ತಿರಬೇಕು, ಜಗಲಿಗೆ ಹೆಣೆದ ಮಡಲಿನ ತಟ್ಟಿ ಕಟ್ಟಿರಬೇಕು. ಆಮೇಲೆ ಅದು ಬರುತ್ತದೆ. ಬಂದ ಮೇಲೆ ಹೋಗುವುದನ್ನು ಮರೆತುಬಿಡುತ್ತದೆ. ಚಪ್ಪಲಿಗೆ ಬೂಷ್ಟು, ಚಾಪೆಗೆ ಬೂಷ್ಟು, ಉಪ್ಪಿನ ಮರಿಗೆಯಲ್ಲಿ ಉಪ್ಪು ಹೋಗಿ ನೀರು. ಒಲೆಯ ಮೇಲೆ ಒಣಗಿಸಿದ ಬಟ್ಟೆ ಹಾಕಿಕೊಂಡು ಶಾಲೆಗೆ ಹೋದರೆ ಇಡೀ ತರಗತಿ ಹೊಗೆ ವಾಸನೆ. ಮೇಷ್ಟ್ರೂ ಅದೇ ವಾಸನೆ. ಆದ್ದರಿಂದ ಯಾರೂ ಯಾರನ್ನೂ ಆಡಿಕೊಳ್ಳುವಂತಿರಲಿಲ್ಲ.

ಅಂಥ ಊರಿನವಳು ಬಂದು ಇಳಿದದ್ದು ಹಾಸನದ ಸೀಮೆಯ ಮಾಘಮಾಸಕ್ಕೆ. ಮೊದಲ ಬೆಳಗ್ಗೆ ಬಾಗಿಲು ತೆಗೆದು ಹೊರಗೆ ಬಂದು ಅತ್ತೆಯನ್ನು ಕರೆಯಲು ಬಾಯಿ ತೆರೆದೆ, ಬಾಯಿಂದ ಹೊಗೆ ಬಂತು. ಗಾಬರಿಯಾಗಿ ಬಾಯಿ ಮುಚ್ಚಿದೆ. ಮತ್ತೆ ತೆರೆದೆ, ಮತ್ತೆ ಹೊಗೆ. ವಾರ ತುಂಬುವುದರೊಳಗೆ ತುಟಿ ಬಿರಿಯಿತು, ಹಿಮ್ಮಡಿ ಸೀಳಿತು, ಕೈಮೇಲೆ ಕೆರೆದರೆ ಬೂದಿಯಂತೆ ಗೆರೆ ಏಳತೊಡಗಿತು. ಕುಷ್ಠವೇ ಇರಬೇಕು ಎಂದು ನಿಶ್ಚಯಿಸಿ, ಗಂಡನಿಗೆ ಹೇಗೆ ಹೇಳುವುದೆಂದು ತಿಳಿಯದೆ ಹಿತ್ತಲಲ್ಲಿ ಕೂತು ಅಳುತ್ತಿದ್ದೆ. ಅತ್ತೆ ಬಂದು ಕೈ ಹಿಡಿದು ನೋಡಿದರು. ಒಳಗಿನಿಂದ ಹರಳೆಣ್ಣೆ ತಂದು ಕೈಗೂ ಕಾಲಿಗೂ ಮುಖಕ್ಕೂ ಬಳಿದರು.

"ಚಳಿ ಕಣವ್ವ ಇದು, ಕಾಯಿಲೆ ಅಲ್ಲ. ನಿಮ್ಮೂರಲ್ಲಿ ಚಳಿ ಬರಾಕಿಲ್ವೆ?"

"ಇಲ್ಲ ಅತ್ತೆ, ಮಳೆ ಬರುತ್ತದೆ."

"ಮಳೆ ಎಲ್ಲಾ ಕಡೀಕೂ ಬತ್ತದೆ ಬುಡು."

ಆ "ಬುಡು" ಎಂಬ ಮಾತು ನನಗೆ ನಾಟಿತು. ಅಂದಿನಿಂದ ನಾನು ನನ್ನ ಊರಿನ ಮಳೆಯ ವಕೀಲಳಾದೆ. ಬಾವಿಯ ಹತ್ತಿರ, ರಾಗಿ ಬೀಸುವಾಗ, ಹೊಗೆಸೊಪ್ಪು ಕಟ್ಟುವಾಗ, ಎಲ್ಲಿ ನಾಲ್ಕು ಹೆಂಗಸರು ಸೇರಿದರೂ ನನ್ನದು ಅದೇ ಮಾತು. ಮಳೆ ಸುರಿಯುವಾಗ ಎದುರು ನಿಂತವರ ಮುಖ ಕಾಣುವುದಿಲ್ಲ ಎಂದೆ. ಒಂದೇ ಮನೆಯೊಳಗೆ ಕೂಗಿ ಮಾತಾಡಬೇಕು ಎಂದೆ. ತಿಂಗಳುಗಟ್ಟಲೆ ಸೂರ್ಯ ಕಾಣದೆ ಕೋಳಿಗಳು ಹೊತ್ತು ತಪ್ಪಿ ಕೂಗುತ್ತವೆ ಎಂದೆ. ಪಕ್ಕದ ಮನೆಯ ಪುಟ್ಟತಾಯಮ್ಮ ಎಲೆಗೆ ಸುಣ್ಣ ಹಚ್ಚುತ್ತಾ, "ಅಂಗಾರೆ ನಿಮ್ಮೂರೋರು ಮೀನ್ ಇದ್ದಂಗೆ ಇರ್ಬೇಕು ಅನ್ನು" ಎಂದರು. ಎಲ್ಲರೂ ನಕ್ಕರು. ನಮ್ಮತ್ತೆಯೂ ನಕ್ಕರು, ಅದು ಇನ್ನೂ ಉರಿಯಿತು.

ಅವರ ತಪ್ಪೂ ಇಲ್ಲ. ಇಲ್ಲಿಯ ಮಳೆಯ ದಾರಿ ಬೇರೆ. ಮೋಡ ಘಟ್ಟ ಹತ್ತಿ ಬಂದದ್ದು ಸಕಲೇಶಪುರದಲ್ಲಿ ಕೊಡಗಟ್ಟಲೆ ಸುರಿದು, ಅರಕಲಗೂಡಿನಲ್ಲಿ ಚೊಂಬಿನಲ್ಲಿ ಎರೆದು, ಹೊಳೆನರಸೀಪುರಕ್ಕೆ ಉದ್ಧರಣೆಯಲ್ಲಿ ತೀರ್ಥ ಕೊಟ್ಟು, ಚನ್ನರಾಯಪಟ್ಟಣಕ್ಕೆ ಬರೀ ನೆರಳು ಕಳಿಸುತ್ತದೆ. ನಮ್ಮ ನಾದಿನಿಯನ್ನು ಅಲ್ಲಿಗೇ ಕೊಟ್ಟಿದ್ದರು. ಅವಳು ನಮ್ಮ ಊರಿಗೆ ಬಂದರೆ, "ನಿಮ್ಗೇನವ್ವ, ಮಳೆ ಸೀಮೆ" ಎನ್ನುತ್ತಿದ್ದಳು. ಹೊಳೆನರಸೀಪುರವೇ ಮಳೆ ಸೀಮೆ ಎನ್ನುವವಳಿಗೆ ನಾನು ಏನು ಹೇಳಲಿ?

ಆದರೆ ಇಲ್ಲಿ ಮಳೆಗೆ ಮರ್ಯಾದೆ ಇತ್ತು. ನಮ್ಮಲ್ಲಿ ಮಳೆ ಎಂದರೆ ಮಳೆ, ಅದಕ್ಕೆ ಬೇರೆ ಹೆಸರಿಟ್ಟು ಕರೆಯಲು ಪುರುಸೊತ್ತೆಲ್ಲಿ? ಇಲ್ಲಿ ಬರುವ ಮಳೆಗೂ ಹೆಸರಿತ್ತು, ಬಾರದ ಮಳೆಗೂ ಹೆಸರಿತ್ತು. ಭರಣಿ ಬಂದರೆ ಧರಣಿ ಬದುಕೀತು ಎಂದು ಮುಖ ಮೇಲೆ ಮಾಡಿ ಕಾಯುತ್ತಿದ್ದರು. ಮಘೆ ಹುಯ್ದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎನ್ನುತ್ತಿದ್ದರು. ಚಿತ್ತೆಯನ್ನು ಕುರುಡಿ ಎಂದು ಬೈಯುತ್ತಿದ್ದರು, ಅದು ಎತ್ತ ಎರಚುತ್ತದೋ ಗೊತ್ತಿಲ್ಲವಂತೆ. ನಮ್ಮತ್ತೆ ಕೃತ್ತಿಕೆಯ ನಾಲ್ಕು ಹನಿ ಬಿದ್ದ ಸಂಜೆ ಹೊಲದ ಬದುವಿನ ಮೇಲೆ ನಿಂತು ಮಣ್ಣು ಮೂಸುವುದನ್ನು ನೋಡಿದ್ದೇನೆ. ಹನಿ ಮಳೆಗೆ ಇಷ್ಟು ಸಂತೋಷವೇ ಎಂದು ನನಗೆ ಪಾಪ ಅನಿಸಿತ್ತು. ನಾನು ಎಂಥ ದೊಡ್ಡಸ್ತಿಕೆಯವಳು ನೋಡಿ.

ವೈಶಾಖ ಬಂತು. ನನ್ನ ಕೈ ಸುಮ್ಮನಿರಲಿಲ್ಲ. ಸೌದೆ ಒಟ್ಟಿದೆ. ಅರಕಲಗೂಡಿನ ಸಂತೆಯಿಂದ ಹಲಸು ತರಿಸಿ ಹಪ್ಪಳ ಒತ್ತಿದೆ, ಸೊಳೆ ಉಪ್ಪಿನಲ್ಲಿ ಹಾಕಿದೆ. ತೆಂಗಿನ ಗರಿ ತರಿಸಿ ಕೂತು ಹೆಣೆದು, ನಮ್ಮವರ ಕೈಲಿ ಜಗಲಿಯ ಪಡುವಲ ಕಡೆಗೆ ತಟ್ಟಿ ಕಟ್ಟಿಸಿದೆ. ಅವರು ಘಟ್ಟದ ಕೆಳಗಿನ ಮಳೆ ಕಂಡವರು. ಇಲ್ಲಿಗೆ ಇದು ಬೇಡ ಎಂದು ಹೇಳಬಹುದಿತ್ತು. ಹೊಸ ಹೆಂಡತಿಯ ಮಾತು ಮೀರಲಾರದೆ ಸುಮ್ಮನೆ ಕಟ್ಟಿದರು; ತಾಯಿಯ ಮಾತು ಮೀರಿ ನನ್ನ ಮಳೆಗೆ ಸಾಕ್ಷಿ ಹೇಳಲೂ ಅವರಿಂದ ಆಗಲಿಲ್ಲ. ಊರೇ ಬಂದು ನೋಡಿತು.

"ಏನ್ಲಾ, ಹೆಣ್ಣು ತಂದೋನು ಗೂಡು ಕಟ್ತಾ ಇದ್ದೀಯ?" ಎಂದು ಯಾರೋ ಕೇಳಿದರು. ನಮ್ಮವರು ಹಗ್ಗ ಬಿಗಿಯುತ್ತಾ ಕೆಮ್ಮಿದರು.

ತಟ್ಟಿ ಕಟ್ಟಿದ ಮೇಲೆ ಮನೆಯೊಳಗೆ ಹಗಲೇ ಕತ್ತಲೆ. ಮೃಗಶಿರೆ ಬಂದು ಅಂಗಳ ಒದ್ದೆ ಮಾಡಿ ಹೋಯಿತು. ಆರಿದ್ರೆಯದು ಬರೀ ಗಾಳಿ, ನಡುವೆ ಗೋಣಿಯಿಂದ ಸೋರಿದ ಹಾಗೆ ಸೋನೆ. ನನ್ನ ಸೌದೆ ಹಾಗೇ ಇತ್ತು, ಹಪ್ಪಳ ಹಾಗೇ ಇತ್ತು. ಅಷ್ಟರಲ್ಲಿ ಹೇಮಾವತಿ ಕೆಂಪಾಗಿ ತುಂಬಿ ಬಂತು. ಆಗ ಅಣೆಕಟ್ಟು ಇರಲಿಲ್ಲ, ಹೊಳೆಗೆ ಬಂದದ್ದೇ ದಾರಿ. ನಾನು ಅತ್ತೆಯನ್ನು ದಡಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ.

"ನೋಡಿ ಅತ್ತೆ, ಇಲ್ಲಿ ಮಳೆ ಇಲ್ಲ. ಮತ್ತೆ ಈ ನೀರು ಎಲ್ಲಿಂದ ಬಂತು?"

"ಒಳೆಯಿಂದ ಬಂತು" ಎಂದರು ನಮ್ಮತ್ತೆ. ಅವರೊಡನೆ ವಾದ ಮಾಡಿ ಗೆದ್ದವರು ಆ ಊರಿನಲ್ಲಿ ಹುಟ್ಟಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಜೊತೆ ಒಂದೇ ಹೊಸಿಲು ದಾಟಬಾರದು ಎಂಬ ಪದ್ಧತಿ ನಿಮಗೆ ಗೊತ್ತೇ ಇದೆ. ತವರಿನವರು ಬಂದು ಕರೆದುಕೊಂಡು ಹೋಗಬೇಕು. ಆ ವರ್ಷ ಆಷಾಢ ಬೇಗ ಬಂತು. ಬೀದಿಯ ಹೊಸ ಸೊಸೆಯರೆಲ್ಲ ಒಬ್ಬೊಬ್ಬರಾಗಿ ಗಾಡಿ ಹತ್ತಿದರು. ನಮ್ಮ ಮನೆಗೆ ಯಾರೂ ಬರಲಿಲ್ಲ. ಬರುವುದಾದರೂ ಹೇಗೆ? ಇಲ್ಲಿ ತಿಂಗಳು ಹುಟ್ಟುವುದು ಚಂದ್ರನಿಂದ, ನಮ್ಮ ಕಡಲ ಸೀಮೆಯಲ್ಲಿ ಸೂರ್ಯನಿಂದ. ನಮ್ಮಲ್ಲಿಯೂ ಹೊಸ ಮದುಮಗಳನ್ನು ಮಳೆಯ ತಿಂಗಳಲ್ಲಿ ತವರಿಗೆ ಕರೆಸುತ್ತಾರೆ, ಆದರೆ ಅದು ಆಟಿ ತಿಂಗಳು. ಸೂರ್ಯ ಕರ್ಕಾಟಕಕ್ಕೆ ಹೋದ ಮೇಲೆ ಆಟಿ. ಆ ವರ್ಷ ಆಟಿ ಹುಟ್ಟುವ ಹೊತ್ತಿಗೆ ಇಲ್ಲಿಯ ಆಷಾಢ ಮುಗಿಯುತ್ತಾ ಬಂದಿತ್ತು. ಮದುವೆ ಮಾತುಕತೆಯಲ್ಲಿ ಬಳೆಯಿಂದ ಬಾಳೆ ಎಲೆಯ ತನಕ ಎಲ್ಲ ಮಾತಾಡಿದ್ದರು. ಇದೊಂದನ್ನು ಎರಡೂ ಕಡೆಯವರು ತಮ್ಮ ತಮ್ಮ ಲೆಕ್ಕದಲ್ಲೇ ಗಟ್ಟಿ ಎಂದುಕೊಂಡು ಬಿಟ್ಟಿದ್ದರು.

ನಾನು ವಿವರಿಸಿದೆ. ಮಳೆಯ ವಿಷಯದಲ್ಲೇ ನಂಬದವರು ತಿಂಗಳ ವಿಷಯದಲ್ಲಿ ನಂಬುತ್ತಾರೆಯೇ? "ತವರಿಂದ ಕರಿಯಾಕೂ ಯಾರೂ ಬರ್ನಿಲ್ಲ, ಪಾಪ" ಎಂದು ಪುಟ್ಟತಾಯಮ್ಮ ನನಗೆ ಕೇಳುವ ಹಾಗೆಯೇ ಹೇಳಿದರು. ಅವತ್ತು ನಿಜವಾಗಿ ದುಃಖವಾಯಿತು. ತವರಿನವರು ಬಿಟ್ಟಿಲ್ಲ ಎಂದು ನನಗೆ ಗೊತ್ತಿತ್ತು, ಆದರೆ ನನಗೊಬ್ಬಳಿಗೇ ಗೊತ್ತಿತ್ತು. ಸುಳ್ಳಿ ಎನಿಸಿಕೊಂಡವಳ ತವರೂ ಸುಳ್ಳಾಗುತ್ತದೆ.

ನಮ್ಮತ್ತೆ ಪದ್ಧತಿ ಬಿಡುವವರಲ್ಲ, ನನ್ನನ್ನು ಬೀದಿಗೆ ಬಿಡುವವರೂ ಅಲ್ಲ. "ಒಂದೇ ಒಸ್ಲು ದಾಟ್ಬಾರ್ದು ಅಂತ ತಾನೆ ಇರಾದು? ಮನೆಗೆ ಎರಡು ಬಾಗ್ಲು ಐತೆ. ನೀನು ಮುಂದ್ಲು ಬಾಗ್ಲಾಗೆ ಓಡಾಡು, ನಾನು ಇತ್ಲು ಬಾಗ್ಲಾಗೆ ಓಡಾಡ್ತೀನಿ" ಎಂದರು. ಆಷಾಢವಿಡೀ ಹಾಗೇ ನಡೆಯಿತು. ಬೀದಿಗೆ ಬರಬೇಕಾದರೆ ಅವರು ಹಿತ್ತಲಿಂದ ಹೊರಟು ಮನೆ ಬಳಸಿ ಬರುತ್ತಿದ್ದರು. ಸೋನೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಸುತ್ತಿ ಬಂದು, ನನ್ನ ತಟ್ಟಿಯ ಆಚೆ ನಿಂತು, "ಸಾರಿಗೆ ಉಪ್ಪು ಆಕಿದ್ಯಾ?" ಎಂದು ಕೇಳುತ್ತಿದ್ದರು. ನಾನು ಈಚೆಯಿಂದ ಉತ್ತರ ಕೊಡುತ್ತಿದ್ದೆ.

ಭೀಮನ ಅಮಾವಾಸ್ಯೆ ಕಳೆದು ಶ್ರಾವಣ ಹುಟ್ಟಿದ ಮೇಲೆ ನಮ್ಮಣ್ಣ ಸಂಜೀವ ಬಂದ. ಘಟ್ಟದಲ್ಲಿ ಗುಡ್ಡ ಜರಿದು ದಾರಿ ಮುಚ್ಚಿ, ಮಣ್ಣಿನ ಮೇಲೆ ನಡೆದು ಇನ್ನೊಂದು ಬಸ್ಸು ಹಿಡಿದು ಬಂದಿದ್ದನಂತೆ. ಮೈಮೇಲಿನ ಅಂಗಿ ಇನ್ನೂ ಒದ್ದೆ, ಕೊಡೆಯ ಕಡ್ಡಿಗಳೆಲ್ಲ ಆಕಾಶಕ್ಕೆ ಮುಖ ಮಾಡಿದ್ದವು. ಹೊರಗೆ ಬಿಸಿಲಿತ್ತು. ಬಿಸಿಲಲ್ಲಿ ನೆಂದು ಬಂದವನನ್ನು ನೋಡಲು ಪುಟ್ಟತಾಯಮ್ಮನೂ ಬಂದರು.

"ತಂಗಿಯನ್ನು ಆಟಿಗೆ ಕರ್ಕೊಂಡು ಹೋಗುವ ಅಂತ ಬಂದದ್ದು" ಎಂದ ಅಣ್ಣ.

"ಆಸಾಡ ಮುಗ್ದು ಸಾವಣ ಉಟ್ತು ಕಣಪ್ಪ. ಸಾವಣದಲ್ಲಿ ಸೊಸೆ ಗಂಡನ್ ಮನೇಲಿ ದೀಪ ಅಚ್ಬೇಕು. ಕಳ್ಸಾಕಿಲ್ಲ" ಎಂದರು ಅತ್ತೆ.

"ನಮ್ಮಲ್ಲಿ ಈಗ ಶುರು ಆದದ್ದಷ್ಟೇ ಅಲ್ಲವಾ? ಅಮ್ಮ ಕಾಯ್ತಾ ಇದ್ದಾರೆ. ಹೀಗೆ ಹೇಳಿದರೆ ಹೇಗೆ?"

ಅತ್ತೆ ಕದಲಲಿಲ್ಲ. ನನಗೆ ಅಮ್ಮನನ್ನು ನೋಡಬೇಕಿತ್ತು, ಆದರೆ ಬಾಯಲ್ಲಿ ಬಂದದ್ದೇ ಬೇರೆ. "ಒಂದು ಸಲ ಮಳೆ ನೋಡಿಕೊಂಡು ಬರುತ್ತೇನೆ ಅತ್ತೆ" ಎಂದೆ. ಹೇಳುವಾಗಲೇ ಅಳು ಬಂತು.

"ಮಳೆ ನೋಡಾಕೆ ಯಾರಾರ ಊರಿಗ್ ಓಯ್ತಾರಾ? ನಾಕು ಅನಿ ಮಳೆಗೆ ಎಷ್ಟ್ ಪುರಾಣ ಏಳ್ತೀಯವ್ವ ನೀನು."

ನನಗೂ ಕೋಪ ಬಂತು. "ನಂಬಿಕೆ ಇಲ್ಲದಿದ್ದರೆ ನೀವೇ ಬಂದು ನೋಡಿ" ಎಂದುಬಿಟ್ಟೆ. ಅತ್ತೆಗೆ ಎದುರಾಡಿದ್ದು ಅದೇ ಮೊದಲು. ಅತ್ತೆ ನನ್ನನ್ನೇ ನೋಡಿ ಒಳಗೆ ಹೋದರು. ಹೊರಗೆ ಬಂದಾಗ ಕಂಕುಳಲ್ಲಿ ಸೀರೆ ಗಂಟು, ಹೆಗಲ ಮೇಲೆ ಕಂಬಳಿ.

"ನಡಿ ಮತ್ತೆ. ನೀನು ಏಳಿದ್ದು ದಿಟ ಆದ್ರೆ ವರ್ಷಾ ವರ್ಷಾ ನಿಮ್ಮ ಆಟಿಗೆ ನಾನೇ ಕಳುಸ್ತೀನಿ. ಸುಳ್ಳಾದ್ರೆ, ಇನ್ ಮ್ಯಾಕೆ ಆ ಊರಿನ ಮಾತು ನನ್ ಮನೇಲಿ ಎತ್ತಂಗಿಲ್ಲ. ಈ ಗರಿ ತಟ್ಟೀನೂ ಒಲೆಗೆ ಓಯ್ತದೆ."

ಹೊಲದ ಕೆಲಸವನ್ನು ಮಗನ ತಲೆಗೆ ಕಟ್ಟಿ ಹೊರಟೇಬಿಟ್ಟರು. ಸಕಲೇಶಪುರ ದಾಟಿದ ಮೇಲೆ ಮಳೆ ಬಸ್ಸಿನ ತಗಡಿನ ಮೇಲೆ ಗುದ್ದುತ್ತಿತ್ತು. ನಾನು ಹೆಮ್ಮೆಯಿಂದ ಅವರ ಕಡೆ ನೋಡಿದೆ. "ಇದು ಗಟ್ಟದ್ದು, ನಿಮ್ಮೂರ್ದಲ್ಲ" ಎಂದರು. ಜರಿದ ಮಣ್ಣಿನ ಮೇಲೆ ಅಣ್ಣ ಅವರ ಕೈ ಹಿಡಿದು ದಾಟಿಸಿದ. ಆಗಲೂ ಅವರು ಮಾತು ಬದಲಿಸಲಿಲ್ಲ.

ಊರು ಮುಟ್ಟಿದೆವು. ನೆತ್ತಿ ಸುಡುವ ಬಿಸಿಲು.

ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆದೀತು ಎಂದು ನಮ್ಮ ಕಡೆ ಗಾದೆಯೇ ಉಂಟು. ಮಳೆ ನಡುವೆ ಒಮ್ಮೊಮ್ಮೆ ಹೀಗೆ ಬಿಡುವು ತೆಗೆದುಕೊಳ್ಳುತ್ತದೆ. ಆದರೆ ಅದನ್ನು ಈಗ ಹೇಳಿದರೆ ಯಾರು ಕೇಳುತ್ತಾರೆ? ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ನಮ್ಮತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತು ಬೆವರು ಒರೆಸಿಕೊಳ್ಳುತ್ತಾ, "ಏನವ್ವ, ನಿಮ್ಮೂರ್ ಮಳೆ ನೆಂಟರ ಮನೆಗ್ ಓಗೈತಾ?" ಎಂದು ಕೇಳಿದರು. ಮರುದಿನವೂ ಬಿಸಿಲು, ಅದರ ಮರುದಿನವೂ ಬಿಸಿಲು. ಅಮ್ಮನ ಮನೆಗೆ ಬಂದ ಸಂತೋಷವೇ ನನಗೆ ಹತ್ತಲಿಲ್ಲ. ಅಮ್ಮ ಮಾಡಿದ ಪತ್ರೊಡೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಹುಟ್ಟಿದ ಊರೇ ನನ್ನ ಮಾನ ಕಳೆಯುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಪಡುವಲ ನೋಡಿ ನೋಡಿ ಕತ್ತು ನೋಯಿಸಿಕೊಂಡೆ.

ಅದರ ಮಾರನೆಯ ಮಧ್ಯಾಹ್ನ ಅಮ್ಮ ಮಾತಾಡುತ್ತಿದ್ದವರು ನಡುವೆ ನಿಲ್ಲಿಸಿ ಕಿವಿ ಕೊಟ್ಟರು. ಆಮೇಲೆ ಎದ್ದು ಹೋಗಿ ಅಂಗಳದ ಬಟ್ಟೆ ಎತ್ತತೊಡಗಿದರು. ನಮ್ಮತ್ತೆ ಆಶ್ಚರ್ಯದಿಂದ, "ಇನ್ನೂ ಅಸೀ ಅದೆ, ಯಾಕವ್ವ ಎತ್ತೀರಿ?" ಎಂದರು. ಅಮ್ಮ ಪುಸ್ತಕದ ಕನ್ನಡದಲ್ಲಿ, "ಕಡಲು ಕೇಳುತ್ತಾ ಇದೆ ಅಲ್ಲವಾ?" ಎಂದರು. ಕೇಳಿತು. ಮೊರೆತ ದಪ್ಪಗಾಗಿತ್ತು. ಪಡುವಲಿಂದ ಗಾಳಿ ಬಂತು, ತೆಂಗಿನ ಮರಗಳು ಒಂದೇ ಕಡೆಗೆ ಬಾಗಿದವು, ಅಂಗಳದ ಆಚೆಯ ಗದ್ದೆ ಅಳಿಸಿಹೋಯಿತು, ಆಮೇಲೆ ಅಂಗಳವೂ ಅಳಿಸಿಹೋಯಿತು.

ನಮ್ಮತ್ತೆ ಏನೋ ಹೇಳಿದರು. ನನಗೆ ಕೇಳಲಿಲ್ಲ. ಅವರು ಕೂಗಿದರು, ಆಗಲೂ ಕೇಳಲಿಲ್ಲ.

ಅದು ರಾತ್ರಿಯೂ ನಿಲ್ಲಲಿಲ್ಲ, ಮರುದಿನವೂ ನಿಲ್ಲಲಿಲ್ಲ. ಮೊದಮೊದಲು ನಮ್ಮತ್ತೆ ಗೋಡೆಗೆ ಒತ್ತಿಕೊಂಡು ಕೂತಿದ್ದರು. "ಇದ್ನ ನಿಲ್ಸಾಕೆ ಯಾರ್ಗಾರ ಏಳ್ರವ್ವ" ಎಂದು ಅಮ್ಮನಿಗೆ ಹೇಳಿದರು. ಆಮೇಲೆ ಸ್ವಲ್ಪ ಸ್ವಲ್ಪವೇ ಜಗಲಿಯ ಅಂಚಿಗೆ ಸರಿದರು. ಕೈ ಚಾಚಿ ಸೂರಿನ ನೀರಿಗೆ ಒಡ್ಡಿದರು. ಉಪ್ಪಿನ ಮರಿಗೆ ತೆಗೆದು ನೋಡಿ ಬೆರಳು ಅದ್ದಿದರು. ಕಂಬಳಿಗೆ ಬಂದ ಬೂಷ್ಟನ್ನು ಉಗುರಿನಿಂದ ಕೆರೆದು ಮೂಸಿದರು. ನಾನು ಪಕ್ಕದಲ್ಲಿ ಕೂತೆ. ಗೆದ್ದೆ ಎಂದು ಹೇಳಬೇಕೆಂದಿದ್ದೆ, ನಾಲಗೆ ತುದಿಯಲ್ಲಿತ್ತು. ಅವರು ನನ್ನ ತಲೆಯ ಮೇಲೆ ಒದ್ದೆ ಕೈ ಇಟ್ಟರು.

"ಇಷ್ಟೊಂದು ನೀರ ಬುಟ್ಟು ಬಂದ್ಯಲ್ಲವ್ವ. ನಮ್ ತಾವ ನಿಂಗೆ ಎಷ್ಟ್ ಬಾಯಾರಿತ್ತೋ ಏನೋ."

ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ಚೆನ್ನಾಗಿ ಅತ್ತುಬಿಟ್ಟೆ. ಮಳೆಯ ಸದ್ದಿನಲ್ಲಿ ಯಾರಿಗೂ ಕೇಳುವಂತಿರಲಿಲ್ಲ, ಅದೊಂದು ಅನುಕೂಲ.

ಆಟಿ ಮುಗಿಸಿ ಊರಿಗೆ ಮರಳಿದೆವು. ಅತ್ತೆ ಮಾತಿಗೆ ತಪ್ಪಲಿಲ್ಲ. ಅವರು ಇರುವ ತನಕ ಪ್ರತಿ ವರ್ಷವೂ ಆಟಿಗೆ ಅವರೇ ನನ್ನ ಗಂಟು ಕಟ್ಟಿ ಬಸ್ಸು ಹತ್ತಿಸಿದರು. ಆದರೆ ನಾನು ಹೇಳಬೇಕೆಂದಿರುವುದು ಮರಳಿದ ಮರುದಿನದ ಮಾತು. ಬಾವಿಯ ಹತ್ತಿರ ಹೆಂಗಸರೆಲ್ಲ ಸೇರಿದ್ದರು. ನಾನು ಕೊಡ ಹಿಡಿದು ಹಿಂದೆ ಬರುತ್ತಿದ್ದೆ. ಮುಂದೆ ನಮ್ಮತ್ತೆಯ ದನಿ ಕೇಳಿತು.

"ಮಳೆ ಅಂದ್ರೆ ಅದು ಕಣ್ರವ್ವ. ಎದ್ರಿಗ್ ನಿಂತೋರ್ ಮಕ ಕಾಣಾಕಿಲ್ಲ. ಕೋಳಿಗೆ ಒತ್ತು ಗೊತ್ತಾಗಾಕಿಲ್ಲ. ಉಪ್ಪು ನಿಂತ್ ನಿಂತಂಗೇ ನೀರಾಯ್ತದೆ. ನಾನು ಬಾಯ್ ತಗದ್ರೆ ಮಳೆ ಬಾಯೊಳಕ್ಕೇ ಬತ್ತಿತ್ತು."

ಪುಟ್ಟತಾಯಮ್ಮ ಹಗ್ಗ ಸೇದುವುದನ್ನು ನಿಲ್ಲಿಸಿ, "ಸೊಸೆ ಗಾಳಿ ಅತ್ತೆಗೂ ಬಡೀತು" ಎಂದರು. ಬಾವಿಯ ಕಟ್ಟೆಯೆಲ್ಲ ನಕ್ಕಿತು. ನಮ್ಮತ್ತೆ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದರು, ನಾನು ಅವರ ಕಣ್ಣಿಗೆ ಬಿದ್ದೆ.

"ಬಾರವ್ವ ಇಲ್ಲಿ. ನಾನು ಏಳಿದ್ರೆ ನಂಬಾಕಿಲ್ಲ ಇವು. ನೀನೇ ಏಳು."

ನಾನು ಕೊಡ ಇಳಿಸಿ ಅವರ ಪಕ್ಕದಲ್ಲಿ ನಿಂತೆ.

"ನಮ್ಮತ್ತೆ ಹೇಳಿದ್ದು ಕಡಿಮೆಯೇ ಆಯಿತು" ಎಂದೆ.